ರುಚಿಯ ಹೊಣೆ

ನಮ್ಮ ಹಿರಿಯರ ಕಾಲದಲ್ಲಿ ರಾಗಿಯೆಂದರೆ ಮುದ್ದೆ, ಅಂಬಲಿ, ರೊಟ್ಟಿ. ಈಗ ಬೆಂಗಳೂರಿನಲ್ಲಿ ರಾಗಿ ಬೆರೆಸಿ ಬಿಯರ್ ತಯಾರಿಸಿದವರೂ ಇದ್ದಾರೆ. ಮಡಕಶಿರದ ರೈತನ ಮೂಟೆಯೊಂದು ಅಲ್ಲಿಗೆ ಸೇರಿತೆನ್ನೋಣ; ಆ ಕುಡಿತದಲ್ಲಿ ಅವನಿಗೂ ಪಾಲುಂಟೇ?

ಪಾಲುದಾರರು ಅವನೊಬ್ಬನೇ ಅಲ್ಲ. 2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ತೆರೆದ ಮೇಲೆ ಬೆಂಗಳೂರಿನಲ್ಲಿ ಇಂಥ ಕಿರುಮದ್ಯಾಗಾರಗಳು ಬೆಳೆಯುತ್ತ ಬಂದವು. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸುವವರು, ಹೊರದೇಶದಿಂದ ಹಾಪ್ಸ್ ತರಿಸುವವರು, ಉಕ್ಕಿನ ತೊಟ್ಟಿ ಬೆಸೆಯುವವರು, ತಂಪುಯಂತ್ರ ರಿಪೇರಿ ಮಾಡುವವರು, ಎಲ್ಲರ ಒಲೆಯೂ ಅದರಿಂದ ಉರಿಯುತ್ತದೆ. ರಸ ಬಸಿದು ಉಳಿದ ಧಾನ್ಯ ದನಗಳ ಮೇವಾಗಬಲ್ಲದು. ಹಾಗಾದರೆ ಬೆಳಗಿನ ಹಾಲಿಗೂ ದೋಷ ಹತ್ತೀತೇ? ಇಷ್ಟು ದೂರ ಎಳೆದರೆ ವಿಚಾರವೇ ಹರಿದುಹೋಗುತ್ತದೆ.

ಈ ವ್ಯಾಪಾರದ ಲಗಾಮು ಬಹುಮಟ್ಟಿಗೆ ಕುಡಿಯುವವನ ಕೈಯಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. 1971ರಲ್ಲಿ ನಾಲ್ವರು ಆಂಗ್ಲ ಯುವಕರು ಸೇರಿ, ದೊಡ್ಡ ಕಂಪನಿಗಳ ಸಪ್ಪೆ ಬಿಯರ್ ಬೇಡ, ಪೀಪಾಯಿಯಲ್ಲೇ ಹದಗೊಳ್ಳುವ ಹಳೆಯ ಬಗೆಯ ಏಲ್ ಬೇಕು ಎಂದು 'ಕ್ಯಾಮ್ರಾ' ಎಂಬ ಸಂಘ ಕಟ್ಟಿದರು. ಕುಡಿಯುವವರ ಆ ಹಟಕ್ಕೆ ಕಂಪನಿಗಳೂ ಮಣಿಯಬೇಕಾಯಿತು.

ರಾಯದುರ್ಗದ ಸೀಮೆಗೆ ಇದು ಅಪರಿಚಿತವೇನಲ್ಲ. ಈಚಲ ಹೆಂಡ ಬಹುಬೇಗ ಹುಳಿಯಾಗುತ್ತದೆ. ಆದ್ದರಿಂದ ಮರ ಹತ್ತಿದವನೂ ಕುಡಿದವನೂ ಎದುರುಬದುರು. ಹದಗೆಟ್ಟರೆ ಬೈಗುಳ ಅಲ್ಲಿಯೇ. ಗಡಿಗೆ ಮಾಡುವ ಕುಂಬಾರನಿಂದ ಕಡಲೆ ಬೇಯಿಸುವ ಅಜ್ಜಿಯವರೆಗೆ ಹಲವರ ಬದುಕು ಅದಕ್ಕೆ ತಗುಲಿಕೊಂಡಿತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬರು ಹೆಂಡದ ಮಾರಯ್ಯ. ವೃತ್ತಿ ಹೆಸರಿನಲ್ಲೇ ಉಳಿದಿದೆ. ನೆರೆಯ ಚಿತ್ರದುರ್ಗದ ತುರುವನೂರಿನಲ್ಲಿ 1939ರಲ್ಲಿ ಸತ್ಯಾಗ್ರಹಿಗಳು ಈಚಲ ಮರಗಳಿಗೇ ಕೊಡಲಿಯಿಟ್ಟರು. ಅವರ ತ್ಯಾಗಕ್ಕೆ ತಲೆಬಾಗುತ್ತೇವೆ; ಆದರೂ, ಪಾಪ, ಮರ ಮಾಡಿದ ತಪ್ಪೇನು?

ಸಾರಾಯಿಯದು ಬೇರೆ ಕಥೆ. ಅದು ಬಂದದ್ದು ಗುತ್ತಿಗೆದಾರನ ಮೂಲಕ. ಅಲ್ಲಿ ಕುಡಿಯುವವನಿಗೆ ರುಚಿಯ ಮಾತೇ ಇಲ್ಲ, ಚಟವೊಂದೇ. ಹೀಗೆ ರಸಿಕನಿಗೂ ಚಟಗಾರನಿಗೂ ಗೆರೆ ಎಳೆದು ಸಮಾಧಾನಪಟ್ಟುಕೊಳ್ಳಬಹುದಿತ್ತು. ಅದನ್ನು ತಡೆಯುವವರು ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು. 1992ರಲ್ಲಿ ಅಕ್ಷರ ಕಲಿಯಲು ಸೇರಿದ ಅವರು ಸಾರಾಯಿ ಅಂಗಡಿ ಮುಚ್ಚಿಸಲು ಎದ್ದರು. ಚಳವಳಿ ಹಬ್ಬಿ 1993ರ ಅಕ್ಟೋಬರಿನಲ್ಲಿ ಆಂಧ್ರದಲ್ಲಿ ಸಾರಾಯಿ ನಿಂತಿತು. 1995ರಲ್ಲಿ ಪೂರ್ಣ ಪಾನನಿಷೇಧ ಬಂದು 1997ರಲ್ಲಿ ಸಡಿಲಾಯಿತು. (ಮಡಕಶಿರದಿಂದ ಕರ್ನಾಟಕ ಎಷ್ಟು ಹತ್ತಿರವೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ನಿಷೇಧ ಗಡಿಗೇ ನಿಂತಿತು, ಬಾಯಾರಿಕೆ ನಿಲ್ಲಲಿಲ್ಲ.) ಆ ಹೆಂಗಸರ ಚಿಂತೆ ಮದ್ಯದ ಗುಣದ್ದಲ್ಲ, ಮನೆಗೆ ಬಾರದ ಕೂಲಿಯದು. ರುಚಿ ಬಲ್ಲವನ ಮನೆಯಲ್ಲಿಯೂ ಆ ಲೆಕ್ಕ ತಪ್ಪಬಹುದು. ನಗರದಲ್ಲಿ ಒಂದು ಸಂಜೆಯ ವೆಚ್ಚ ಇಲ್ಲಿನ ಕೂಲಿಯವನ ಹಲವು ದಿನಗಳ ದುಡಿಮೆ.

ಆದ್ದರಿಂದ ಮಡಕಶಿರದ ರೈತ ಮೂಟೆ ಇಳಿಸಿ, ಹಣ ಎಣಿಸಿಕೊಂಡು ಹೋಗಲಿ. ಅವನನ್ನು ನಾವು ತಡೆಯೆವು. ವ್ಯಾಪಾರವನ್ನೇ ಬಾಗಿಸುವಷ್ಟು ಬಲವುಳ್ಳ ರಸಿಕನನ್ನು ಮಾತ್ರ ಒಂದು ಮಾತು ಕೇಳುತ್ತೇವೆ: ಲೋಟದ ನೊರೆ, ಕಹಿ, ಕಂಪುಗಳನ್ನು ಇಷ್ಟು ಚೆನ್ನಾಗಿ ವಿವರಿಸುವಿರಲ್ಲ, ಆ ಸಂಜೆಯ ಬಗ್ಗೆ ಮನೆಯವರು ಏನೆನ್ನುತ್ತಾರೆ?