ವಾಯಿದೆಯ ಬೆಲೆ

ಕೋರ್ಟಿನ ಮಾತುಗಳಲ್ಲಿ ನಮ್ಮ ಹಳ್ಳಿಯ ಜನ ತಮ್ಮದೇ ಮಾಡಿಕೊಂಡಿರುವ ಮಾತೆಂದರೆ ‘ವಾಯಿದೆ’. ಕೇಸಿಗೆ ವಾಯಿದೆ ಬಿತ್ತು ಎಂದರೆ ಇವತ್ತು ಏನೂ ಆಗಲಿಲ್ಲ, ಇನ್ನೊಂದು ದಿನ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಬೇಕು ಎಂದರ್ಥ. ಕೇಸಿಗೆ ವಾಯಿದೆ ಕೊಡುವ ಅಧಿಕಾರ ನ್ಯಾಯಾಧೀಶರದು. ಆದರೆ ಕೇಸು ಮುಗಿದು ಹಣವೂ ಬಂದ ಮೇಲೆ, ಆ ಹಣವನ್ನು ಕಕ್ಷಿದಾರರಿಗೆ ಕೊಡಲು ವಕೀಲರೇ ವಾಯಿದೆ ಹಾಕತೊಡಗಿದರೆ ಅದನ್ನು ಏನೆಂದು ಕರೆಯಬೇಕು? ಕಳ್ಳತನ ಎನ್ನಲು ನಾಲಿಗೆ ಏಳುವುದಿಲ್ಲ. ಕೊಡುವುದಿಲ್ಲ ಎಂದು ಅವರು ಒಮ್ಮೆಯೂ ಹೇಳಿರುವುದಿಲ್ಲ. ಬರಿಯ ತಡ ಎಂದು ಸುಮ್ಮನಾಗಲೂ ಮನಸ್ಸು ಒಪ್ಪುವುದಿಲ್ಲ. ಇವೆರಡರ ನಡುವೆ ಇರುವ ಈ ನಡತೆಗೆ ಹೆಸರೇನು ಎಂಬ ಪ್ರಶ್ನೆ ಕೆಲವು ವರ್ಷಗಳಿಂದ ನನ್ನನ್ನು ಕಾಡುತ್ತಿದೆ.

ನನ್ನ ಅಕ್ಕ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಗಂಡನ ಪಾಲಿನ ಜಮೀನಿಗಾಗಿ ಮೈದುನಂದಿರ ಮೇಲೆ ಹೂಡಿದ ವಿಭಾಗದ ದಾವೆ ಏಳು ವರ್ಷ ನಡೆದು 2018ರ ಕೊನೆಯಲ್ಲಿ ರಾಜಿಯಾಯಿತು. ಜಮೀನಿನ ಬದಲು ಹಣ ಎಂದು ಒಪ್ಪಿಗೆಯಾಗಿ, ವಕೀಲರ ಫೀಜು ಕಳೆದು ಅಕ್ಕನಿಗೆ ಸಲ್ಲಬೇಕಾದದ್ದು 3,60,000 ರೂಪಾಯಿ. ಅಕ್ಕನ ಬ್ಯಾಂಕಿನ ಖಾತೆ ವಹಿವಾಟಿಲ್ಲದೆ ನಿಂತುಹೋಗಿತ್ತು. ‘ನನ್ನ ಖಾತೆಗೇ ಬರಲಿ ಬಿಡೀಮ್ಮ, ವಾರದೊಳಗೆ ನಿಮ್ಮ ಕೈಗೆ ಮುಟ್ಟಿಸ್ತೀನಿ’ ಎಂದರು ವಕೀಲರು. ಆ ಒಂದು ವಾರ ಹನ್ನೊಂದು ತಿಂಗಳಾಯಿತು.

ಮೊದಲು ಚೆಕ್ಕು ಪಾಸಾಗಬೇಕಿತ್ತು. ಆಮೇಲೆ ಆಡಿಟರು ಊರಲ್ಲಿರಲಿಲ್ಲ. ಬೇಸಿಗೆ ರಜೆ ಬಂತು, ಚುನಾವಣೆ ಬಂತು, ಅವರ ಮನೆಯಲ್ಲೊಂದು ಮದುವೆಯೂ ಬಂತು. ಅಕ್ಕ ತಿಂಗಳಿಗೆರಡು ಸಲ ಹೋಗಿ ಆಫೀಸಿನ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದಳು. ಗುಮಾಸ್ತರು ಟೀ ತರಿಸಿಕೊಡುತ್ತಿದ್ದರು. ಸಾಹೇಬರು ಹೊರಗೆ ಬಂದಾಗ ಕೈಮುಗಿದು ಎದ್ದು ನಿಲ್ಲುತ್ತಿದ್ದಳು. ‘ಅಯ್ಯೋ, ಬಂದುಬಿಟ್ರಾ? ಸೋಮವಾರ ಖಂಡಿತ ಕಣಮ್ಮ’ ಎನ್ನುತ್ತಿದ್ದರು. ಯಾವ ಸೋಮವಾರ ಎಂದು ಅವಳು ಕೇಳಲಿಲ್ಲ.

ಆ ವಕೀಲರು ಕೆಟ್ಟವರೆಂದು ಹೇಳಲಾರೆ. ಏಳು ವರ್ಷವೂ ಅಕ್ಕನನ್ನು ಗೌರವದಿಂದ ನಡೆಸಿಕೊಂಡಿದ್ದರು. ಕೈಯಲ್ಲಿ ಕಾಸಿಲ್ಲದ ದಿನ ಖರ್ಚಿಗೆ ಕೇಳದೆಯೇ ಕೆಲಸ ಮಾಡಿಕೊಟ್ಟಿದ್ದರು. ಅದಕ್ಕೇ ಅಕ್ಕನ ಬಾಯಿ ಕಟ್ಟಿಹೋಗಿತ್ತು. ‘ಅವರಿಲ್ಲದಿದ್ರೆ ಈ ದುಡ್ಡೇ ಇರ್ತಿರಲಿಲ್ಲ ಕಣೇ. ಯಾವ ಮುಖ ಇಟ್ಕೊಂಡು ಕೇಳಲಿ?’ ಎನ್ನುತ್ತಿದ್ದಳು. ಕೇಳಬೇಕಾದವಳಿಗೆ ನಾಚಿಕೆ, ಕೊಡಬೇಕಾದವರಿಗೆ ಇಲ್ಲ. ನಮ್ಮ ಸಮಾಜದಲ್ಲಿ ಇದು ಎಷ್ಟು ಸಹಜವಾಗಿದೆಯೆಂದರೆ, ತಿರುಗುಮುರುಗಾಗಿದೆ ಎಂಬುದೇ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಉಪಕಾರ ಸ್ಮರಣೆ ದೊಡ್ಡ ಗುಣ, ನಿಜ. ಶಾಲೆಯಲ್ಲಿ ಮಕ್ಕಳಿಗೆ ಅದನ್ನೇ ಹೇಳಿಕೊಡುತ್ತೇವೆ. ಆದರೆ ಉಪಕಾರವನ್ನು ನೆನೆಯುವುದು ಬೇರೆ, ಅದಕ್ಕೆ ಬೆಲೆಯಾಗಿ ನಮ್ಮ ಹಕ್ಕನ್ನು ಒತ್ತೆಯಿಡುವುದು ಬೇರೆ. ವಕೀಲರ ದುಡಿಮೆಗೆ ಫೀಜು ಸಂದಿದೆ. ಅವರ ಒಳ್ಳೆಯತನಕ್ಕೆ ಅಕ್ಕನ ಗೌರವ ಸಂದಿದೆ. ಮೂರನೆಯದಾಗಿ ಅವಳ ಮೌನವನ್ನೂ ವಸೂಲು ಮಾಡುವ ಅಧಿಕಾರ ಯಾರಿಗೂ ಇಲ್ಲ.

ಇನ್ನು ಲೆಕ್ಕಕ್ಕೆ ಬರುತ್ತೇನೆ. ಮಗಳನ್ನು ನರ್ಸಿಂಗ್ ಓದಿಸಲು ಅಕ್ಕ ಒಂದೂವರೆ ಲಕ್ಷ ಕೈಸಾಲ ಮಾಡಿದ್ದಳು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ರಾಜಿಯ ಹಣ ಬಂದೊಡನೆ ಮೊದಲು ತೀರಿಸಬೇಕೆಂದಿದ್ದದ್ದು ಅದನ್ನೇ. ತಿಂಗಳಿಗೆ 4,500ರಂತೆ ಹನ್ನೊಂದು ತಿಂಗಳಿಗೆ 49,500 ರೂಪಾಯಿ ಬಡ್ಡಿ ಕಟ್ಟಿದಳು. ಅವಳ ಸ್ವಂತ ಹಣ ಇನ್ನೊಬ್ಬರ ಖಾತೆಯಲ್ಲಿ ಕುಳಿತಿರುವಾಗ ಅವಳು ಬೇರೆಯವರ ಹಣಕ್ಕೆ ಬಡ್ಡಿ ತೆರುತ್ತಿದ್ದಳು. ವಕೀಲರು ಅವಳ ಅಸಲಿನಲ್ಲಿ ಒಂದು ಪೈಸೆಯನ್ನೂ ಮುರಿದುಕೊಳ್ಳಲಿಲ್ಲ. ಆದರೂ ಅರ್ಧ ಲಕ್ಷ ಅವಳ ಕೈಬಿಟ್ಟು ಹೋಯಿತು. ತಡವಾಗಿ ಕೊಟ್ಟವನು ಪೂರ್ತಿ ಕೊಟ್ಟಂತಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸರಳವಾದ ಲೆಕ್ಕ ನನಗೆ ಗೊತ್ತಿಲ್ಲ.

ಈ ತಿಳಿವಳಿಕೆ ಹೊಸದೇನೂ ಅಲ್ಲ. ಹಿಂದೂ ಕುಟುಂಬಗಳ ಆಸ್ತಿ ವಿಭಾಗದ ಮಾತು ಬಂದಾಗಲೆಲ್ಲ ಕೇಳಿಬರುವ ‘ಮಿತಾಕ್ಷರಾ’ ಹುಟ್ಟಿದ್ದು ನಮ್ಮ ನಾಡಿನಲ್ಲೇ. ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವದು. ಆ ಸ್ಮೃತಿಯಲ್ಲಿ ಇಡುಗಂಟಿಗೇ ಒಂದು ಪ್ರಕರಣವಿದೆ. ನಂಬಿ ಇಟ್ಟದ್ದನ್ನು ತನ್ನಿಷ್ಟದಂತೆ ಬಳಸಿಕೊಂಡವನಿಗೆ ದಂಡ. ಅಷ್ಟೇ ಅಲ್ಲ, ಅವನು ಅದನ್ನು ಲಾಭಸಹಿತ ಹಿಂದಿರುಗಿಸಬೇಕು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಸಮಾಜದ ಎಷ್ಟೋ ಕಟ್ಟಳೆಗಳನ್ನು ಇಂದು ಒಪ್ಪಲಾಗದು. ಆದರೆ ಇನ್ನೊಬ್ಬರ ಹಣದ ಜೊತೆಗೆ ಅವರ ಕಾಲವೂ ನಮ್ಮ ಕೈಯಲ್ಲಿದೆ ಎಂಬ ಅರಿವು ಅವರಿಗೆ ಇತ್ತು.

ಇಂದಿನ ವಕೀಲರಿಗೂ ನಿಯಮಗಳಿವೆ. ಕಕ್ಷಿದಾರರ ಪರವಾಗಿ ಹಣ ಬಂದರೆ ಆದಷ್ಟು ಬೇಗ ಅವರಿಗೆ ತಿಳಿಸಬೇಕು, ಅದರ ಲೆಕ್ಕವಿಡಬೇಕು, ಕೇಳಿದರೆ ಲೆಕ್ಕದ ಪ್ರತಿ ಕೊಡಬೇಕು, ಆ ಹಣವನ್ನು ಸಾಲವಾಗಿ ಮಾರ್ಪಡಿಸಿಕೊಳ್ಳಬಾರದು ಎನ್ನುತ್ತವೆ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು. ತಪ್ಪಿದವರ ಮೇಲೆ 1961ರ ವಕೀಲರ ಕಾಯಿದೆಯಂತೆ ರಾಜ್ಯದ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಓದುಬರಹ ಬಾರದ ಮುದುಕರೊಬ್ಬರ ಭೂಸ್ವಾಧೀನದ ಪರಿಹಾರ 8,118 ರೂಪಾಯಿಯನ್ನು ವಕೀಲರೊಬ್ಬರು 1987ರಲ್ಲಿ ಕೋರ್ಟಿನಿಂದ ಪಡೆದು ತಮ್ಮಲ್ಲೇ ಇಟ್ಟುಕೊಂಡ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮೂರು ವರ್ಷ ಅಮಾನತು ಎಂದಿದ್ದ ಶಿಕ್ಷೆಯನ್ನು 2002ರಲ್ಲಿ ಆ ನ್ಯಾಯಾಲಯ ಹೆಚ್ಚಿಸಿ, ಅವರ ಹೆಸರನ್ನೇ ವಕೀಲರ ಪಟ್ಟಿಯಿಂದ ತೆಗೆಸಿತು. ಮೊತ್ತ ಎಂಟು ಸಾವಿರ ಚಿಲ್ಲರೆ. ಮುರಿದದ್ದು ನಂಬಿಕೆ ಎಂದಾದಾಗ ಮೊತ್ತದ ಸೊನ್ನೆಗಳನ್ನು ಎಣಿಸುವಂತಿಲ್ಲ.

ಅಕ್ಕ ದೂರಿಗೆ ಒಪ್ಪಲಿಲ್ಲ. ಕೊನೆಗೆ ಅವಳ ಹೆಸರಿನಲ್ಲಿ ನಾನೊಂದು ಕಾಗದ ಬರೆದೆ. ಅದರಲ್ಲಿ ಬೈಗುಳವಿರಲಿಲ್ಲ, ಬೆದರಿಕೆಯೂ ಇರಲಿಲ್ಲ. ಏಳು ವರ್ಷದ ದುಡಿಮೆಗೆ ವಂದನೆ ಹೇಳಿ, ತಮ್ಮ ಖಾತೆಗೆ ಹಣ ಬಂದ ತಾರೀಖು ಯಾವುದು, ಲೆಕ್ಕದ ಪ್ರತಿ ಕೊಡಿ, ಉಳಿದ ಹಣ ಯಾವ ತಾರೀಖಿಗೆ ಕೊಡುವಿರಿ ಎಂದು ಮೂರು ಮಾತು ಕೇಳಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು. ಅಕ್ಕ ಸಹಿ ಹಾಕುವಾಗ ಕೈ ನಡುಗಿತು. ಮೂರು ವಾರದಲ್ಲಿ ಎರಡು ಕಂತಾಗಿ 3,60,000 ರೂಪಾಯಿ ಬಂತು. ಲೆಕ್ಕದ ಪ್ರತಿ ಬರಲಿಲ್ಲ. ತಡವಾಯಿತು ಎಂಬ ಒಂದು ಮಾತೂ ಬರಲಿಲ್ಲ.

‘ಬಂತಲ್ಲ, ಬಿಟ್ಹಾಕಿ’ ಎಂದರು ನೆಂಟರು. ಅಕ್ಕನೂ ಹಾಗೇ ಅಂದಳು. ಅವಳ ಮಾತಿಗೂ ನೆಂಟರ ಮಾತಿಗೂ ವ್ಯತ್ಯಾಸವಿದೆ ಎಂದು ನನಗನ್ನಿಸುತ್ತದೆ. ನಷ್ಟ ಅವಳದು, ಬಿಟ್ಟುಕೊಡುವ ಹಕ್ಕೂ ಅವಳದೇ. ಆ 49,500 ರೂಪಾಯಿಯನ್ನು ಅವಳ ಪರವಾಗಿ ಕ್ಷಮಿಸಲು ಊರಿಗೆ ಅಧಿಕಾರವಿಲ್ಲ, ತಂಗಿಯಾದ ನನಗೂ ಇಲ್ಲ. ಅವಳ ಪರವಾಗಿ ಜಗಳಕ್ಕೆ ನಿಲ್ಲುವ ಅಧಿಕಾರವೂ ನನಗಿಲ್ಲವೆಂದು ಸುಮ್ಮನಾದೆ. ಆದರೆ ಒಂದು ಮಾತು ಹೇಳದಿರಲಾರೆ. ದಣಿದು ಬಿಟ್ಟದ್ದನ್ನು ಕ್ಷಮೆ ಎನ್ನಬಾರದು. ಕ್ಷಮಿಸುವವರಿಗೆ ಇನ್ನೊಂದು ದಾರಿಯೂ ತೆರೆದಿರಬೇಕು. ಅಕ್ಕನಿಗೆ ಇದ್ದದ್ದು ಇನ್ನಷ್ಟು ಬಸ್ಸು, ಇನ್ನಷ್ಟು ಬೆಂಚು.

ಮೋಟಾರು ಅಪಘಾತದ ಪರಿಹಾರವನ್ನು ನೊಂದವರ ಬ್ಯಾಂಕ್ ಖಾತೆಗೇ ನೇರವಾಗಿ ಹಾಕಿಸಬೇಕೆಂದು ಸುಪ್ರೀಂ ಕೋರ್ಟು 2025ರಲ್ಲಿ ಹೇಳಿದೆ. ಎಲ್ಲ ಬಗೆಯ ರಾಜಿ ಹಣಕ್ಕೂ ಇದೇ ಪದ್ಧತಿಯಾದರೆ ಎಷ್ಟೋ ಹೆಂಗಸರಿಗೆ ಅಲೆದಾಟ ತಪ್ಪೀತು. ಆದರೆ ಎಲ್ಲ ಇಡುಗಂಟಿಗೂ ಕಾವಲು ಹಾಕಲಾಗದು. ಶಾಲೆಯ ಪ್ರವಾಸದ ಹಣ ನನ್ನ ಕೈಯಲ್ಲಿರುತ್ತದೆ, ಸಂಘದ ಉಳಿತಾಯ ಯಾರದೋ ಡಬ್ಬಿಯಲ್ಲಿರುತ್ತದೆ, ತಾಯಿಯ ಪಿಂಚಣಿ ಮಗನ ಜೇಬಿನಲ್ಲಿರುತ್ತದೆ. ಅಲ್ಲೆಲ್ಲ ಕಾಯುವುದು ಮನುಷ್ಯನ ಮನಸ್ಸೇ.

ಸರಳ ಬಡ್ಡಿಯ ಪಾಠ ಮಾಡುವಾಗ ಅಸಲು, ದರ, ಅವಧಿ ಎಂದು ಬೋರ್ಡಿನ ಮೇಲೆ ಬರೆಯುತ್ತೇವೆ. ಮಕ್ಕಳು ಮೂರನ್ನೂ ಗುಣಿಸಿ ನೂರರಿಂದ ಭಾಗಿಸುತ್ತಾರೆ. ಮೂರರಲ್ಲಿ ಯಾವುದನ್ನು ಬಿಟ್ಟರೂ ಉತ್ತರ ತಪ್ಪು. ದೊಡ್ಡವರಾದ ಮೇಲೆ ನಾವು ಅಸಲನ್ನಷ್ಟೇ ನೋಡಿ ಲೆಕ್ಕ ಸರಿಯಾಯಿತು ಎನ್ನುತ್ತೇವೆ. ಅವಧಿಯೂ ಯಾರದೋ ಸ್ವತ್ತು.