ಮನೆತನದ ಹೆಸರು ಮತ್ತು ಸತ್ಯಾಣುವ್ರತ

ಮದುವೆಯ ಚಪ್ಪರದಲ್ಲಾಗಲಿ, ಪಂಚಕಲ್ಯಾಣ ಮಹೋತ್ಸವದಲ್ಲಾಗಲಿ ಅಪರಿಚಿತ ಸಾಧರ್ಮಿ ಬಂಧುಗಳಿಬ್ಬರು ಭೇಟಿಯಾದರೆ ಊರು, ಮನೆಗಳ ವಿಚಾರಣೆ ಮೊದಲು ನಡೆಯುತ್ತದೆ. ಇಬ್ಬರ ಹೆಸರಿನ ಕೊನೆಯಲ್ಲಿಯೂ ಒಂದೇ ಉಪನಾಮವಿದ್ದರಂತೂ ‘ಹಾಗಾದರೆ ನಾವು ಒಂದೇ ಮೂಲದವರಿರಬೇಕು’ ಎಂಬ ಮಾತು ಬಂದೇ ಬರುತ್ತದೆ. ಈ ಮಾತಿನಲ್ಲಿ ಸ್ನೇಹವಿದೆ, ಅದು ದೋಷವಲ್ಲ. ಆದರೆ ಇದೇ ಮಾತು ವಂಶವೃಕ್ಷದ ಹಾಳೆಯ ಮೇಲೆ, ಅಲ್ಲಿಂದ ಮುಂದೆ ಬಸದಿಯ ಗೋಡೆಯ ಮೇಲೆ ಬರಹವಾಗಿ ನಿಂತಾಗ ಅದು ಧರ್ಮಪ್ರಶ್ನೆಯಾಗುತ್ತದೆ. ಹೆಸರಿನ ಸಾಮ್ಯವನ್ನು ಹಿಡಿದು ಪೂರ್ವಜರನ್ನು ಅರಸುವ ಶ್ರಾವಕನು ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ನನ್ನಿಂದಲೇ ಆದ ಒಂದು ತಪ್ಪನ್ನು ಮುಂದಿಟ್ಟುಕೊಂಡು ವಿಚಾರ ಮಾಡಬೇಕೆಂದಿದ್ದೇನೆ.

ನಮ್ಮ ಮನೆತನಕ್ಕೆ ‘ಶೆಟ್ಟಿ’ ಎಂಬ ಉಪನಾಮವಿದೆ. ಸಂಸ್ಕೃತದ ‘ಶ್ರೇಷ್ಠಿ’, ಪ್ರಾಕೃತದ ‘ಸೆಟ್ಠಿ’ಗಳ ವಂಶದ ಶಬ್ದವಿದು. ಗುಜರಾತಿನ ಶೇಠ್, ತಮಿಳುನಾಡಿನ ಚೆಟ್ಟಿ ಇದರ ಸೋದರ ರೂಪಗಳು. ಮೂಲತಃ ಇದು ರಕ್ತಸಂಬಂಧವನ್ನು ಹೇಳುವ ಹೆಸರೇ ಅಲ್ಲ. ವ್ಯಾಪಾರದಲ್ಲಿ ಮುಂದಾಳಾದವನಿಗೆ, ಪಟ್ಟಣದ ವರ್ತಕ ಸಮುದಾಯದಲ್ಲಿ ಗಣ್ಯನಾದವನಿಗೆ ಸಲ್ಲುತ್ತಿದ್ದ ಗೌರವನಾಮ. ಹುಂಚದಲ್ಲಿ ಸಾಂತರರ ಕಾಲದಲ್ಲಿ, 1062ರ ಸುಮಾರಿಗೆ ಜಿನಾಲಯವನ್ನು ಕಟ್ಟಿಸಿದ ನೊಕ್ಕಯ್ಯ ಸೆಟ್ಟಿ ಅಲ್ಲಿಯ ಪಟ್ಟಣಸ್ವಾಮಿಯಾಗಿದ್ದವನು. ಶ್ರವಣಬೆಳಗೊಳದ ತೇರಿನ ಬಸದಿಯು 1117ರಲ್ಲಿ ಪೊಯ್ಸಳ ಸೆಟ್ಟಿ ಮತ್ತು ನೇಮಿ ಸೆಟ್ಟಿ ಎಂಬ ರಾಜವರ್ತಕರ ತಾಯಂದಿರಾದ ಮಾಚಿಕಬ್ಬೆ ಹಾಗೂ ಶಾಂತಿಕಬ್ಬೆಯರಿಂದ ನಿರ್ಮಾಣವಾಯಿತು. ಮೂಡುಬಿದಿರೆಯ ಹದಿನೆಂಟು ಬಸದಿಗಳಲ್ಲಿ ದೇರಮ ಸೆಟ್ಟಿ, ಚೋಳ ಸೆಟ್ಟಿ, ಮಹಾದೇವ ಸೆಟ್ಟಿ, ವಿಕ್ರಮ ಸೆಟ್ಟಿ, ಕೋಟಿ ಸೆಟ್ಟಿ ಇವರ ಹೆಸರುಗಳನ್ನು ಇಂದಿಗೂ ಹೊತ್ತಿರುವ ಬಸದಿಗಳಿವೆ. ಇವರೆಲ್ಲರೂ ಸೆಟ್ಟಿಗಳೇ, ಆದರೆ ಇವರೆಲ್ಲರೂ ಒಬ್ಬ ತಂದೆಯ ಅಥವಾ ಒಬ್ಬ ತಾಯಿಯ ಸಂತಾನವೆಂದು ಹೇಳಲು ಯಾವ ಆಧಾರವೂ ಇಲ್ಲ. ಇಂದು ಬಂಟರಲ್ಲಿ, ಬಣಜಿಗರಲ್ಲಿ, ಆರ್ಯವೈಶ್ಯರಲ್ಲಿ, ದೇವಾಂಗರಲ್ಲಿ ಹೀಗೆ ಎಷ್ಟೋ ಸಮುದಾಯಗಳಲ್ಲಿ ಶೆಟ್ಟರಿದ್ದಾರೆ. ಪಾಟೀಲ, ಹೆಗ್ಗಡೆ, ಉಪಾಧ್ಯೆ ಎಂಬ ಹೆಸರುಗಳಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಇವು ವೃತ್ತಿಯ, ಅಧಿಕಾರದ, ವಿದ್ಯೆಯ ಗುರುತುಗಳು. ಹತ್ತು ಊರುಗಳಲ್ಲಿ ಹತ್ತು ಮಂದಿ ಗ್ರಾಮದ ಹಿರಿತನವನ್ನು ನಡೆಸಿದ್ದರೆ ಹತ್ತು ಪಾಟೀಲ ಮನೆತನಗಳು ಬೇರೆಬೇರೆಯಾಗಿಯೇ ಹುಟ್ಟಿಕೊಂಡಿರುತ್ತವೆ.

ತುಳುನಾಡಿನ ಜೈನರಲ್ಲಿ ಇನ್ನೊಂದು ತೊಡಕಿದೆ. ಇಂದ್ರ ಪುರೋಹಿತರ ಮನೆಗಳಲ್ಲಿ ಮಕ್ಕಳಕಟ್ಟು ನಡೆದುಬಂದಿದ್ದರೆ ಉಳಿದ ಹೆಚ್ಚಿನ ಮನೆತನಗಳು ಅಳಿಯಕಟ್ಟಿನವು. ಇಲ್ಲಿ ‘ಬಳಿ’ ಬರುವುದು ತಾಯಿಯಿಂದ. ಮನೆಯ ಯಜಮಾನಿಕೆ ಸೋದರಮಾವನಿಂದ ಸೋದರಳಿಯನಿಗೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಿಂದ ಕುಟುಂಬದ ಆಸ್ತಿಯ ಪಾಲಿಗೆ ಅವಕಾಶವಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು ಜೈನರಿಗೂ ಅನ್ವಯವಾಯಿತು. ತರುವಾಯ ನಮ್ಮ ಮಕ್ಕಳು ಹೆಚ್ಚಾಗಿ ತಂದೆಯ ಉಪನಾಮವನ್ನೇ ಬರೆದುಕೊಳ್ಳುತ್ತ ಬಂದಿದ್ದಾರೆ. ಆದ್ದರಿಂದ ಇಂದಿನ ಹೆಸರನ್ನು ಹಿಡಿದುಕೊಂಡು ತಂದೆ, ಅಜ್ಜ, ಮುತ್ತಜ್ಜ ಎಂದು ಹಿಂದಕ್ಕೆ ಹೋಗುವವನು ಮೂರನೆಯ ತಲೆಮಾರಿಗೇ ಬೇರೊಂದು ಮನೆಯ ಅಂಗಳದಲ್ಲಿ ನಿಂತಿರುತ್ತಾನೆ. ಈಚೆಗೆ ಕೆಲವರು ಜೊಲ್ಲಿನ ಮಾದರಿಯನ್ನು ಕಳುಹಿಸಿ ಡಿ.ಎನ್.ಎ. ಪರೀಕ್ಷೆ ಮಾಡಿಸಿಕೊಳ್ಳುವುದುಂಟು. ಅದರಲ್ಲಿ ತಂದೆಯಿಂದ ಮಗನಿಗೆ ಸಾಗುವ ಎಳೆಯೊಂದು, ತಾಯಿಯಿಂದ ಮಕ್ಕಳಿಗೆ ಸಾಗುವ ಎಳೆಯೊಂದು ತಿಳಿಯಬಹುದು. ಆದರೆ ಉಪನಾಮವು ರಕ್ತದಲ್ಲಿ ಸಾಗುವುದಿಲ್ಲ.

ಇನ್ನು ನನ್ನ ತಪ್ಪಿನ ವಿಷಯ. ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಬಸದಿಯ ಜೀರ್ಣೋದ್ಧಾರವು ನಡೆದಾಗ ನಾನು ಸಮಿತಿಯ ಕೋಶಾಧಿಕಾರಿಯಾಗಿದ್ದೆ. ಆ ಬಸದಿಯನ್ನು ಹಿಂದೆ ಒಬ್ಬ ಶೆಟ್ಟರು ಕಟ್ಟಿಸಿದರೆಂದು ಪ್ರತೀತಿಯಿದೆ. ನಮ್ಮ ಸೋದರಮಾವಂದಿರು ‘ಅದು ನಮ್ಮ ಹಿರಿಯರದ್ದೇ’ ಎಂದು ಹೇಳುತ್ತಿದ್ದುದನ್ನು ನಾನು ಬಾಲ್ಯದಿಂದಲೂ ಕೇಳಿದ್ದೆ. ಗೋಡೆಯಲ್ಲಿ ಇರಿಸಬೇಕಾದ ಶಿಲಾಫಲಕದ ಬರಹವನ್ನು ಸಿದ್ಧಪಡಿಸುವ ಕೆಲಸ ನನಗೆ ಬಂತು. ನಾನು ಯಾವ ಸಂಕೋಚವೂ ಇಲ್ಲದೆ ನಮ್ಮ ಮನೆತನವನ್ನು ‘ಬಸದಿಯ ನಿರ್ಮಾತೃಗಳ ವಂಶಸ್ಥರು’ ಎಂದು ಬರೆದೆ. ಸಮಿತಿಯವರು ಒಪ್ಪಿದರು. ಕಲ್ಲುಕುಟಿಗರಿಗೆ ಮುಂಗಡವೂ ಸಂದಾಯವಾಯಿತು.

ಅದೇ ದಿನಗಳಲ್ಲಿ ನನ್ನ ಅಕ್ಕನ ಮೊಮ್ಮಗಳು ಬೆಂಗಳೂರಿನಿಂದ ಬಂದಿದ್ದಳು. ಕುಟುಂಬದ ವಂಶವೃಕ್ಷವನ್ನು ಬರೆಯುವ ಉತ್ಸಾಹ ಅವಳಿಗೆ. ನಾನು ಹೇಳುತ್ತ ಹೋದೆ, ಅವಳು ಬರೆಯುತ್ತ ಹೋದಳು. ನನ್ನ ಅಜ್ಜಿಯ ತಾಯಿಯಿಂದ ಬಸದಿ ಕಟ್ಟಿಸಿದ ಶೆಟ್ಟರವರೆಗೆ ಒಂದೇ ಗೆರೆ ಎಳೆಯುವಂತೆ ಹೇಳಿದಾಗ ಅವಳು ಪೆನ್ನನ್ನು ಕೆಳಗಿಟ್ಟು, ‘ಅಜ್ಜ, ಈ ಗೆರೆಗೆ ಆಧಾರ ಯಾವುದು?’ ಎಂದು ಕೇಳಿದಳು. ವೋಚರ್ ಇಲ್ಲದೆ ಲೆಕ್ಕಕ್ಕೆ ಜಮೆ ಹಿಡಿಯಬಾರದೆಂದು ಬಿ.ಕಾಂ. ತರಗತಿಯಲ್ಲಿ ಕಲಿತು, ನಲವತ್ತು ವರ್ಷ ಅಂಗಡಿಯಲ್ಲಿ ಅದನ್ನೇ ಗುಮಾಸ್ತರಿಗೆ ಬೋಧಿಸಿದ ನನ್ನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಅಟ್ಟದ ಮೇಲಿನ ಮರದ ಪೆಟ್ಟಿಗೆಯನ್ನು ಇಳಿಸಿ ನೋಡಿದೆವು. ಮೂಲಗೇಣಿ ಚೀಟುಗಳು, ಕೆಲವು ಜಾತಕಗಳು, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ರೋಕಡಿ ಪುಸ್ತಕಗಳು ಇದ್ದವು. ಅವುಗಳನ್ನು ಓದುತ್ತ ಹೋದಂತೆ ವಿಷಯ ಸ್ಪಷ್ಟವಾಯಿತು. ನಮ್ಮ ಹಿರಿಯರು ಇನ್ನೊಂದು ಮಾಗಣೆಯಿಂದ ಈ ಊರಿನ ಶೆಟ್ಟರ ಅಂಗಡಿಗೆ ಲೆಕ್ಕ ಬರೆಯಲು ಬಂದವರು. ಅವರ ಸಂಬಳ, ವರ್ಷದ ಅಕ್ಕಿಯ ಮುಡಿ, ಎಲ್ಲವೂ ಖರ್ಚಿನ ಬದಿಯಲ್ಲಿ ನಮೂದಾಗಿವೆ. ಶೆಟ್ಟರ ಮನೆ ಸಂತತಿಯಿಲ್ಲದೆ ನಿಂತುಹೋದಾಗ ಅಂಗಡಿಯು ಇವರ ಕೈಗೆ ಬಂತು; ಅಂಗಡಿಯ ಜೊತೆಯಲ್ಲಿ ಅಂಗಡಿಯ ಹೆಸರೂ ಬಂತು. ಜಾತಕಗಳಲ್ಲಿ ನಮ್ಮ ಬಳಿ ಬೇರೆ, ಆ ಶೆಟ್ಟರ ಮನೆಯ ಬಳಿ ಬೇರೆ. ಸಂದೇಹಕ್ಕೆ ಎಡೆಯೇ ಉಳಿಯಲಿಲ್ಲ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಒಂದು ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದು. ವ್ಯಾಪಾರಿಗಳಾದ ನಾವು ಇದನ್ನು ಸುಳ್ಳು ಪತ್ರ, ಸುಳ್ಳು ಲೆಕ್ಕ ಎಂದಷ್ಟೇ ಅರ್ಥ ಮಾಡಿಕೊಂಡು, ಅವುಗಳಿಂದ ದೂರವಿದ್ದೇವೆಂದು ಸಮಾಧಾನಪಡುತ್ತೇವೆ. ಆಧಾರವಿಲ್ಲದ ವಂಶಾವಳಿಯೂ ಬರಹವೇ ಅಲ್ಲವೇ? ಕಾಗದದ ಲೆಕ್ಕ ಕೆಲವು ವರ್ಷಗಳಲ್ಲಿ ಗೆದ್ದಲಿಗೆ ಹೋದೀತು. ಬಸದಿಯ ಗೋಡೆಯ ಕಲ್ಲು ಮುಂದಿನ ತಲೆಮಾರುಗಳಿಗೆ ಪ್ರಮಾಣವಾಗುತ್ತದೆ. ತಿಳಿಯದೆ ಬರೆದದ್ದು ಪ್ರಮಾದ. ತಿಳಿದ ಮೇಲೂ ಉಳಿಸಿದ್ದರೆ ಅದು ಕೂಟಲೇಖವೇ.

ಅದೇ ಗ್ರಂಥದ ಆರನೆಯ ಅಧ್ಯಾಯದಲ್ಲಿ ಗೋತ್ರಕರ್ಮದ ಆಸ್ರವದ ವಿಚಾರವಿದೆ. ಪರನಿಂದೆ, ಆತ್ಮಪ್ರಶಂಸೆ, ಇತರರಲ್ಲಿ ಇರುವ ಗುಣವನ್ನು ಮುಚ್ಚುವುದು, ತನ್ನಲ್ಲಿ ಇಲ್ಲದ ಗುಣವನ್ನು ಪ್ರಕಟಿಸುವುದು, ಇವು ನೀಚಗೋತ್ರಕ್ಕೆ ಕಾರಣಗಳು. ವಿನಯ ಹಾಗೂ ಗರ್ವರಾಹಿತ್ಯಗಳು ಉಚ್ಚಗೋತ್ರಕ್ಕೆ ಕಾರಣಗಳು. ಇಲ್ಲದ ಉನ್ನತ ಮೂಲವನ್ನು ಹೆಸರಿನ ಬಲದಿಂದ ತನ್ನದೆಂದು ಸಾರುವವನು ಯಾವ ಗೋತ್ರವನ್ನು ಕಟ್ಟಿಕೊಳ್ಳುತ್ತಿದ್ದಾನೆಂಬುದನ್ನು ವಾಚಕರೇ ಯೋಚಿಸಬಹುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿರುವ ಎಂಟು ಮದಗಳಲ್ಲಿ ಕುಲಮದ, ಜಾತಿಮದಗಳೆರಡೂ ಇವೆ. ನಿಜವಾಗಿಯೇ ದೊಡ್ಡ ಕುಲದಲ್ಲಿ ಹುಟ್ಟಿದವನಿಗೂ ಅದರ ಮದ ಸಲ್ಲದೆಂದಿರುವಾಗ ಎರವಲು ಕುಲದ ಮದಕ್ಕೆ ಏನು ಹೇಳೋಣ!

ನಮ್ಮ ಹಿರಿಯ ಕವಿಗಳು ಈ ವಿಷಯದಲ್ಲಿ ನಮಗಿಂತ ನಿರ್ಭೀತರಾಗಿದ್ದರು. ಆದಿಕವಿ ಪಂಪನು ತನ್ನ ಪೂರ್ವಜರು ವೈದಿಕ ಯಜ್ಞಗಳನ್ನು ಮಾಡಿದವರೆಂಬುದನ್ನೂ, ತನ್ನ ತಂದೆ ಜೈನಧರ್ಮವನ್ನು ಸ್ವೀಕರಿಸಿದನೆಂಬುದನ್ನೂ ಮರೆಮಾಚದೆ ಬರೆದಿಟ್ಟನು. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಕವಿಚಕ್ರವರ್ತಿಯಾದ ಮೇಲೂ ಆ ಮೂಲವನ್ನು ಬದಲಾಯಿಸಿಕೊಳ್ಳಲಿಲ್ಲ. ಅದರಿಂದ ಅವರ ಕೀರ್ತಿ ಕುಂದಲಿಲ್ಲ.

ಸಮಿತಿಯ ಮುಂದಿನ ಸಭೆಯಲ್ಲಿ ನಾನು ವಿಷಯವನ್ನು ತಿಳಿಸಿದೆ. ಹಿರಿಯರೊಬ್ಬರು, ‘ಈಗ ಇದೆಲ್ಲ ಯಾಕೆ ಶೆಟ್ರೆ? ಕೇಳುವವರು ಯಾರಿದ್ದಾರೆ?’ ಎಂದರು. ಅವರ ಮಾತಿನಲ್ಲಿ ನನ್ನ ಮೇಲಿನ ಕನಿಕರವೇ ಇತ್ತು. ಆದರೂ ಬರಹವನ್ನು ತಿದ್ದಲಾಯಿತು. ಮುಂಗಡದ ನಷ್ಟವನ್ನು ನಾನು ಭರಿಸಿದೆ. ಹಣದ ನಷ್ಟ ದೊಡ್ಡದಲ್ಲ. ‘ಮಾವಂದಿರ ಮಾತನ್ನು ಊರಿನ ಮುಂದೆ ಸುಳ್ಳು ಮಾಡಿದೆ’ ಎಂದು ನೊಂದುಕೊಂಡ ನನ್ನ ಅಕ್ಕ ಹಲವು ತಿಂಗಳು ನನ್ನೊಡನೆ ಮಾತನಾಡಲಿಲ್ಲ. ಆ ದುಃಖವೇ ದೊಡ್ಡದು.

ಪೆಟ್ಟಿಗೆಯಲ್ಲಿ ಇನ್ನೊಂದು ಇಕ್ಕಟ್ಟೂ ಇತ್ತು. ಹಳೆಯ ಪತ್ರವೊಂದರಿಂದ ಮನೆಯ ಒಬ್ಬ ಹೆಣ್ಣುಮಗಳ ಬಾಳಿನ ಗುಟ್ಟು ತಿಳಿಯುತ್ತಿತ್ತು. ಮಗುವಿನ ತಂದೆಯೆಂದು ಮನೆಯವರು ಹೇಳುತ್ತ ಬಂದವರು ತಂದೆಯಲ್ಲ. ಸತ್ಯಕ್ಕಾಗಿ ಫಲಕವನ್ನೇ ತಿದ್ದಿದ ಮೇಲೆ ಇದನ್ನೂ ಬರೆಯಬೇಕಲ್ಲವೇ ಎಂದು ಮೊಮ್ಮಗಳು ಕೇಳಿದಳು. ಆದರೆ ಕೂಟಲೇಖವನ್ನು ಅತಿಚಾರವೆಂದ ಸೂತ್ರದಲ್ಲಿಯೇ ರಹೋಭ್ಯಾಖ್ಯಾನವೂ, ಎಂದರೆ ಸ್ತ್ರೀಪುರುಷರ ರಹಸ್ಯವನ್ನು ಬಯಲು ಮಾಡುವುದೂ, ಅತಿಚಾರವೆಂದು ಹೇಳಿದೆ. ಸುಳ್ಳು ಬರೆಯಬಾರದು ಎಂದ ಮಾತ್ರಕ್ಕೆ ತಿಳಿದುದನ್ನೆಲ್ಲ ಬರೆಯಬೇಕೆಂದಲ್ಲ. ಆಕೆಯ ಸಂತತಿಯವರು ಇಂದೂ ಮರ್ಯಾದೆಯಿಂದ ಬಾಳುತ್ತಿದ್ದಾರೆ; ಅವರ ಮನಸ್ಸನ್ನು ನೋಯಿಸುವುದು ಹಿಂಸೆ. ಕೊನೆಗೆ ದಾರಿ ತೋರಿಸಿದುದು ನಮ್ಮ ಅಳಿಯಕಟ್ಟೇ. ಮಗುವಿನ ಹೆಸರನ್ನು ತಾಯಿಯ ಹೆಸರಿನ ಕೆಳಗೆ ಬರೆದೆವು. ತಂದೆಯ ಸ್ಥಾನದಲ್ಲಿ ಯಾರ ಹೆಸರನ್ನೂ ಹಾಕಲಿಲ್ಲ. ಸುಳ್ಳೂ ಬರಲಿಲ್ಲ, ಗುಟ್ಟೂ ಹೊರಬೀಳಲಿಲ್ಲ. ಆ ಪತ್ರ ಪೆಟ್ಟಿಗೆಗೆ ಮರಳಿತು.

ಹಾಗಾದರೆ ಪೂರ್ವಜರ ಶೋಧನೆಯೇ ವ್ಯರ್ಥವೇ? ಅನಾದಿಯಾದ ಸಂಸಾರದಲ್ಲಿ ಈ ಜೀವಕ್ಕೆ ಎಷ್ಟೋ ತಾಯಂದಿರು, ಎಷ್ಟೋ ಕುಲಗಳು ಆಗಿಹೋಗಿವೆ ಎಂದು ಸಂಸಾರಾನುಪ್ರೇಕ್ಷೆಯಲ್ಲಿ ಚಿಂತಿಸುವ ನಾವು ಒಂದು ಭವದ ನಾಲ್ಕು ತಲೆಮಾರುಗಳನ್ನು ಏಕೆ ಹುಡುಕಬೇಕು ಎಂದು ಕೆಲವರು ಕೇಳಬಹುದು. ನನಗೆ ತೋರುವಂತೆ ಹುಡುಕಬೇಕಾದುದು ಕೃತಜ್ಞತೆಗಾಗಿ. ನಮ್ಮನ್ನು ಈ ಧರ್ಮದಲ್ಲಿ, ಈ ಆಚಾರದಲ್ಲಿ ಉಳಿಸಿದವರು ಯಾರೆಂದು ತಿಳಿಯುವುದು ಋಣಸ್ಮರಣೆ. ಹಕ್ಕು ಸ್ಥಾಪನೆಗಾಗಿ, ಮೊಕ್ತೇಸರಿಕೆಗಾಗಿ, ಸಂಬಂಧ ಕುದುರಿಸುವಾಗಿನ ಬಿಂಕಕ್ಕಾಗಿ ಹುಡುಕುವುದು ಮದ.

ಅನುಭವದಿಂದ ಕೆಲವು ಸೂಚನೆಗಳನ್ನು ಮಾಡಬಯಸುತ್ತೇನೆ. ಬದುಕಿರುವ ಹಿರಿಯರಿಂದ ಆರಂಭಿಸಿ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಬೇಕು; ಉಪನಾಮವನ್ನು ಹಿಡಿದು ಶಾಸನಕ್ಕೆ ಹಾರಬಾರದು. ಪ್ರತಿ ಹೆಸರಿನ ಪಕ್ಕದಲ್ಲಿ ಅದರ ಆಧಾರವನ್ನು, ಅದು ದಸ್ತಾವೇಜೋ ಜಾತಕವೋ ಬಾಯಿಮಾತೋ ಎಂದು ಬರೆಯಬೇಕು. ತಾಳೆಯಾಗದ ಮೊತ್ತವನ್ನು ಅನಾಮತ್ತು ಖಾತೆಯಲ್ಲಿ ಇಡುವಂತೆ ನಿಶ್ಚಯವಿಲ್ಲದ ಸಂಬಂಧವನ್ನು ಪ್ರತ್ಯೇಕ ಹಾಳೆಯಲ್ಲಿ ಇಡಬೇಕು. ಹೆಣ್ಣುಮಕ್ಕಳ ಹೆಸರುಗಳನ್ನು ಬಿಡಬಾರದು. ಬಸದಿಗಳ ಆಡಳಿತ ಮಂಡಳಿಗಳು ಹೆಸರಿನ ಸಾಮ್ಯವೊಂದರಿಂದಲೇ ಯಾರನ್ನೂ ನಿರ್ಮಾತೃಗಳ ವಂಶಸ್ಥರೆಂದು ಬರೆಯಬಾರದು. ಜೀರ್ಣೋದ್ಧಾರದ ಭರದಲ್ಲಿ ಹಳೆಯ ಶಾಸನಗಳನ್ನು ಸುಣ್ಣ, ಬಣ್ಣ, ಟೈಲ್ಸುಗಳ ಕೆಳಗೆ ಹೂಳಬಾರದು. ಹಳೆಯ ಲೆಕ್ಕದ ಪುಸ್ತಕಗಳನ್ನು ರದ್ದಿಗೆ ಹಾಕಬಾರದು.

ಮುಂದಿನ ದಶಲಕ್ಷಣ ಪರ್ವದ ಕ್ಷಮಾವಣಿಯ ದಿನ ಅಕ್ಕ ತಾನಾಗಿಯೇ ಮನೆಗೆ ಬಂದಳು. ರೋಕಡಿ ಪುಸ್ತಕವನ್ನು ತೋರಿಸು ಎಂದಳು. ಗುಮಾಸ್ತರ ಸಂಬಳದಿಂದ ವಜಾ ಮಾಡಿದ ಬಾಬ್ತುಗಳಲ್ಲಿ ‘ಅಕ್ಕನ ಮಕ್ಕಳಿಬ್ಬರ ಬಟ್ಟೆಗೆ’ ಎಂದು ಕೆಲವು ಆಣೆಗಳ ಲೆಕ್ಕವಿದೆ. ಗಂಡನನ್ನು ಕಳೆದುಕೊಂಡು ಎರಡು ಮಕ್ಕಳೊಡನೆ ತಮ್ಮನ ಹಿಂದೆ ಈ ಊರಿಗೆ ಬಂದ ಆ ಹೆಂಗಸಿನ ಸಂತತಿ ನಾವು. ಆಕೆಯ ಹೆಸರು ಪುಸ್ತಕದಲ್ಲಿಲ್ಲ. ‘ಅಕ್ಕ’ ಎಂದಷ್ಟೇ ಇದೆ. ನನ್ನ ಅಕ್ಕ ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತಿದ್ದಳು. ಬಸದಿ ಕಟ್ಟಿಸಿದ ಶೆಟ್ಟರು ನಮ್ಮ ವಂಶವೃಕ್ಷದಿಂದ ಹೊರಗೆ ಹೋದರು. ನಮ್ಮನ್ನು ಸಾಕಿದ ಈ ಇಬ್ಬರು ಒಳಗೆ ಬಂದರು. ಶೆಟ್ಟರ ಹೆಸರಂತೂ ನಮ್ಮಲ್ಲಿಯೇ ಉಳಿದಿದೆ. ಅದನ್ನು ನಾನು ಈಗ ಅವರು ನಮ್ಮಲ್ಲಿಟ್ಟ ನ್ಯಾಸವೆಂದು, ಠೇವಣಿಯೆಂದು ತಿಳಿಯುತ್ತೇನೆ. ಠೇವಣಿಯನ್ನು ಅಪಹರಿಸುವುದೂ ಅದೇ ಸೂತ್ರದಲ್ಲಿ ಹೇಳಿದ ಅತಿಚಾರ. ಅವರು ಕಟ್ಟಿಸಿದ ಬಸದಿಯಲ್ಲಿ ನಿತ್ಯದ ದೀಪ ಆರದಂತೆ ನೋಡಿಕೊಳ್ಳುವುದರಿಂದ ಮಾತ್ರ ಆ ಋಣ ಸಂದಾಯವಾಗಬಲ್ಲದು.