ಗುಣವೋ ದೈವವೋ: ಹೊಸ ಕಾಡತೂಸೊಂದರ ಗೆಲುವಿನ ಪ್ರಶ್ನೆ

ಒಂದು ವಸ್ತುವಿನ ಗೆಲುವು ಆ ವಸ್ತುವಿನ ಗುಣದಲ್ಲೇ ಇರುತ್ತದೆಯೇ, ಅಥವಾ ಹೊರಗಿನ ಸಂಗತಿಗಳು ಕೂಡಿಬಂದಾಗ ಹುಟ್ಟುತ್ತದೆಯೇ ಎಂಬುದು ಹಳೆಯ ಪ್ರಶ್ನೆ. ಭಾರತೀಯ ದರ್ಶನಕಾರರು ಕಾರ್ಯಕಾರಣಗಳ ಚರ್ಚೆಗೆ ಗಡಿಗೆಯನ್ನೂ ಬಟ್ಟೆಯನ್ನೂ ಉದಾಹರಿಸುತ್ತಾರೆ. ಗಡಿಗೆ ನೀರು ಹಿಡಿಯುತ್ತದೆಯೋ ಇಲ್ಲವೋ ಎಂಬುದನ್ನು ಯಾರು ಬೇಕಾದರೂ ದಿನವೂ ಪರೀಕ್ಷಿಸಬಹುದು. ಆದರೆ ಕೊಂಡವರಲ್ಲಿ ಬಹುಪಾಲು ಜನ ತಮ್ಮ ಆಯುಷ್ಯದಲ್ಲಿ ಒಮ್ಮೆಯೂ ನಿಜವಾದ ಉದ್ದೇಶಕ್ಕೆ ಬಳಸದ ವಸ್ತುವನ್ನು ಎತ್ತಿಕೊಂಡರೆ ಪ್ರಶ್ನೆ ತೊಡಕಾಗುತ್ತದೆ. ಆತ್ಮರಕ್ಷಣೆಗೆಂದು ಸೊಂಟದಲ್ಲಿಟ್ಟುಕೊಳ್ಳುವ ಪಿಸ್ತೂಲಿನ ಕಾಡತೂಸು ಅಂಥ ವಸ್ತುಗಳಲ್ಲೊಂದು.

ಹಿತ್ತಾಳೆಯ ಕೊಳವೆ, ಅದರ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು, ಈ ನಾಲ್ಕೂ ಒಂದಾಗಿ ಕೂಡಿರುವುದೇ ಕಾಡತೂಸು. ಮಲೆನಾಡು, ಕೊಡಗುಗಳ ಕಡೆ ಕೋವಿಯದನ್ನು ತೋಟೆ ಎನ್ನುವುದುಂಟು. ಒಂದು ಕಾಡತೂಸಿಗೆಂದು ಮಾಡಿದ ಪಿಸ್ತೂಲು ಸಾಮಾನ್ಯವಾಗಿ ಇನ್ನೊಂದನ್ನು ಹಾರಿಸಲಾರದು, ಆದ್ದರಿಂದ ಕಾಡತೂಸಿನ ಆಯ್ಕೆಯೆಂದರೆ ಪಿಸ್ತೂಲಿನ ಆಯ್ಕೆಯೂ ಹೌದು. ಅಮೆರಿಕದ ಫೆಡರಲ್ ಕಂಪನಿಯು 2022ರ ಜನವರಿಯಲ್ಲಿ .30 ಸೂಪರ್ ಕ್ಯಾರಿ ಎಂಬ ಹೊಸ ಕಾಡತೂಸನ್ನು ಪ್ರಕಟಿಸಿದಾಗ ಅಲ್ಲಿನ ಬಳಕೆದಾರರಲ್ಲಿ ಮೊದಲು ಎದ್ದ ಪ್ರಶ್ನೆ, ಇದು ಮಾರುಕಟ್ಟೆಯಲ್ಲಿ ನಿಲ್ಲುತ್ತದೆಯೇ ಎಂಬುದು. ಇದರ ಗುಂಡಿನ ವ್ಯಾಸ ಸುಮಾರು 7.9 ಮಿ.ಮೀ.; ಕೊಳವೆಯು 9 ಮಿ.ಮೀ. ಕಾಡತೂಸಿನದಕ್ಕಿಂತ ಒಂದು ಮಿಲಿಮೀಟರಿಗೂ ಹೆಚ್ಚು ಸಣ್ಣದು. ಹೀಗಾಗಿ ಒಂದೇ ಅಳತೆಯ ಹಿಡಿಯೊಳಗೆ ಎರಡೋ ಮೂರೋ ಕಾಡತೂಸು ಹೆಚ್ಚು ಹಿಡಿಯುತ್ತವೆ. ಸ್ಮಿತ್ ಅಂಡ್ ವೆಸನ್ ಕಂಪನಿಯ ಶೀಲ್ಡ್ ಇಜಡ್ ಎಂಬ ಪಿಸ್ತೂಲಿನಲ್ಲಿ 9 ಮಿ.ಮೀ. ಕಾಡತೂಸು ಎಂಟು ಹಿಡಿದರೆ ಇದು ಹತ್ತು ಹಿಡಿಯುತ್ತದೆ. ಕಿರಿದಾದ ಗುಂಡು ಹಿರಿಯದರ ಕೆಲಸ ಮಾಡಬೇಕಾದರೆ ಒಳಗಿನ ಒತ್ತಡ ಏರಲೇಬೇಕು: 9 ಮಿ.ಮೀ.ಗೆ ಗೊತ್ತುಪಡಿಸಿದ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 35,000 ಪೌಂಡು, ಸೂಪರ್ ಕ್ಯಾರಿಗೆ 50,000 ಪೌಂಡು.

ಇಷ್ಟು ಗುಣಗಳನ್ನು ಮುಂದಿಟ್ಟು, ಗುಣವಿರುವುದರಿಂದ ಇದು ಗೆಲ್ಲುತ್ತದೆ ಎಂದು ಊಹಿಸುವವನು ನ್ಯಾಯದರ್ಶನವು ‘ಉಪಾಧಿ’ ಎಂದು ಕರೆಯುವ ದೋಷಕ್ಕೆ ಸಿಕ್ಕಿಬೀಳುತ್ತಾನೆ. ಎರಡು ಸಂಗತಿಗಳ ನಡುವೆ ನಿತ್ಯಸಂಬಂಧವಿರುವಂತೆ ಕಂಡರೂ ಆ ಸಂಬಂಧವನ್ನು ವಾಸ್ತವವಾಗಿ ಹೊತ್ತುನಿಂತಿರುವ ಮೂರನೆಯ ಸಂಗತಿಯೊಂದು ಮರೆಯಲ್ಲಿರುತ್ತದೆ, ಅದೇ ಉಪಾಧಿ. ನೈಯಾಯಿಕರ ಪ್ರಸಿದ್ಧ ಉದಾಹರಣೆಯಲ್ಲಿ, ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆ ಎನ್ನಲಾಗದು, ಏಕೆಂದರೆ ಹೊಗೆಗೆ ಹಸಿ ಸೌದೆಯ ಸಂಯೋಗ ಬೇಕು. ಕಾಡತೂಸುಗಳ ಇತಿಹಾಸದಲ್ಲಿ ಗುಣವು ಬೆಂಕಿಯಾದರೆ ಗೆಲುವು ಹೊಗೆ. ಹಸಿ ಸೌದೆಯಂತೆ ಮರೆಯಲ್ಲಿ ನಿಂತದ್ದು ಪ್ರತಿ ಸಲವೂ ಬೇರೆಬೇರೆ. 1964ರಲ್ಲಿ ಬಂದ .41 ಮ್ಯಾಗ್ನಮ್ ಯಾವ ಲೆಕ್ಕದಲ್ಲೂ ಕೆಟ್ಟ ಕಾಡತೂಸಾಗಿರಲಿಲ್ಲ, 1935ರ .357 ಮತ್ತು 1955ರ .44 ಮ್ಯಾಗ್ನಮ್‌ಗಳು ಎರಡು ಕಡೆಯ ಜಾಗವನ್ನೂ ಅದಾಗಲೇ ಹಿಡಿದುಕೊಂಡಿದ್ದವು, ಅಷ್ಟೆ.

ಉಪಾಧಿಯ ಆಟ ಎಷ್ಟು ವಿಚಿತ್ರವೆಂಬುದಕ್ಕೆ 9 ಮಿ.ಮೀ. ಕಾಡತೂಸಿನದೇ ಕಥೆಯಿದೆ. ಜರ್ಮನಿಯಲ್ಲಿ ಗೆಯಾರ್ಗ್ ಲೂಗರ್ 1902ರ ಹೊತ್ತಿಗೆ ರೂಪಿಸಿದ ಈ ಕಾಡತೂಸು ಎರಡು ಮಹಾಯುದ್ಧಗಳನ್ನು ದಾಟಿ ಲೋಕದ ಹಲವು ಸೇನೆಗಳಲ್ಲಿ ನೆಲೆಗೊಂಡಿತ್ತು. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಬ್ಯಾಂಕ್ ದರೋಡೆಕೋರರೊಡನೆ ನಡೆದ ಗುಂಡಿನ ಕಾಳಗದಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಯ ಇಬ್ಬರು ಸತ್ತು ಐವರು ಗಾಯಗೊಂಡರು. ಆರಂಭದಲ್ಲೇ ಒಬ್ಬ ದರೋಡೆಕೋರನ ತೋಳನ್ನು ತೂರಿ ಎದೆಯೊಳಕ್ಕೆ ಹೊಕ್ಕ 9 ಮಿ.ಮೀ. ಗುಂಡು ಹೃದಯವನ್ನು ಮುಟ್ಟುವ ಮೊದಲೇ ನಿಂತುಬಿಟ್ಟಿತ್ತು. ಆ ಗಾಯದಲ್ಲೇ ಅವನು ಬಹಳ ಹೊತ್ತು ಹೊಡೆದಾಡಿದ. ದೋಷ ಗುಂಡಿನ ಮೇಲೆ ಬಂತು. ಸಂಸ್ಥೆ 10 ಮಿ.ಮೀ. ಕಾಡತೂಸಿನತ್ತ ಹೊರಳಿತು, ಅದರ ಒದೆತ ಕೈಗೆ ಹೆಚ್ಚೆಂದು ಮದ್ದನ್ನು ತಗ್ಗಿಸಿತು, ತಗ್ಗಿಸಿದ ಮೇಲೆ ಅಷ್ಟುದ್ದದ ಕೊಳವೆ ಏಕೆಂಬ ಯೋಚನೆಯಿಂದ 1990ರಲ್ಲಿ .40 ಸ್ಮಿತ್ ಅಂಡ್ ವೆಸನ್ ಹುಟ್ಟಿತು. 9 ಮಿ.ಮೀ. ಪಿಸ್ತೂಲಿನ ಅಳತೆಯ ಚೌಕಟ್ಟಿನಲ್ಲೇ ಕೂರುತ್ತಿದ್ದ ಇದು ಅಮೆರಿಕದ ಪೊಲೀಸರಲ್ಲಿ ಬಿರುಸಿನಿಂದ ಹರಡಿತು. ಎರಡೂವರೆ ದಶಕ ಕಳೆಯುವಷ್ಟರಲ್ಲಿ ಅದೇ ಎಫ್‌ಬಿಐ, ಗುಂಡಿನ ತಯಾರಿಕೆ ಸುಧಾರಿಸಿರುವುದರಿಂದ 9 ಮಿ.ಮೀ. ಸಾಕು, ಅದರಲ್ಲಿ ಗುರಿಯೂ ಚೆನ್ನಾಗಿ ಬೀಳುತ್ತದೆ ಎಂದು ಹಿಂದಿರುಗಿತು. ಸೋತದ್ದೂ ಗೆದ್ದದ್ದೂ ಒಂದೇ ಹೆಸರಿನ, ಒಂದೇ ಅಳತೆಯ ಕಾಡತೂಸು.

ಮಹಾಭಾರತದ ಅನುಶಾಸನ ಪರ್ವದಲ್ಲಿ ದೈವ ಹಿರಿದೋ ಪುರುಷಕಾರ, ಅಂದರೆ ಮನುಷ್ಯಪ್ರಯತ್ನ, ಹಿರಿದೋ ಎಂದು ಯುಧಿಷ್ಠಿರ ಕೇಳಿದಾಗ ಭೀಷ್ಮನು ವಸಿಷ್ಠ–ಬ್ರಹ್ಮರ ಸಂವಾದವೊಂದನ್ನು ಹೇಳುತ್ತಾನೆ. ಅಲ್ಲಿ ಪುರುಷಕಾರವನ್ನು ಹೊಲಕ್ಕೂ ದೈವವನ್ನು ಬೀಜಕ್ಕೂ ಹೋಲಿಸಲಾಗಿದೆ. ಬಿತ್ತುವುದು ಮನುಷ್ಯಪ್ರಯತ್ನವೆಂಬ ರೂಢಿಯ ತಿಳಿವಳಿಕೆಗೆ ಇದು ತಿರುಗುಮುರುಗಾಗಿ ಕಾಣಬಹುದು, ಆದರೆ .40ರ ಸಂದರ್ಭಕ್ಕೆ ಸರಿಯಾಗಿ ಒಪ್ಪುತ್ತದೆ: ಕಾರ್ಖಾನೆ, ತಂತ್ರಜ್ಞರು, ಪಿಸ್ತೂಲಿನ ಚೌಕಟ್ಟು ಎಲ್ಲವೂ ಹದಗೊಂಡ ಹೊಲವಾಗಿದ್ದವು, ಬೀಜವು ಮಯಾಮಿಯ ಒಂದು ಬೀದಿಯಿಂದ ಯಾರೂ ಬಯಸದ ರೀತಿಯಲ್ಲಿ ಬಂದು ಬಿತ್ತು. ಸೂಪರ್ ಕ್ಯಾರಿಗೆ ಅಂಥ ಬೀಜ ಬಿದ್ದಿಲ್ಲ. ಅದು ಪರಿಹರಿಸುತ್ತೇನೆಂದ ತೊಂದರೆಯನ್ನು 2018ರಲ್ಲಿ ಬಂದ ಸಿಗ್ ಪಿ365 ಎಂಬ ಪುಟ್ಟ ಪಿಸ್ತೂಲು ಕಾಡತೂಸನ್ನು ಮುಟ್ಟದೆ, ಕಾಡತೂಸು ತುಂಬುವ ಮ್ಯಾಗಜೀನಿನ ರಚನೆಯನ್ನಷ್ಟೆ ಬದಲಿಸಿ, ಅದಾಗಲೇ ಬಹುಮಟ್ಟಿಗೆ ಪರಿಹರಿಸಿತ್ತು. ಅಂಗೈಯಗಲದ ಹಿಡಿಯೊಳಗೆ ಹತ್ತು 9 ಮಿ.ಮೀ. ಕಾಡತೂಸು ಹಿಡಿಯುವುದಾದರೆ ಇನ್ನೆರಡಕ್ಕಾಗಿ ಹೊಸ ಪಿಸ್ತೂಲು ಕೊಳ್ಳುವವರು ಕಡಿಮೆ.

ಇಲ್ಲಿಂದ ಮುಂದೆ ಪ್ರಶ್ನೆ ಜ್ಞಾನಮೀಮಾಂಸೆಯದು, ಅಂದರೆ ತಿಳಿವು ನಿಜವೆಂದು ಹೇಗೆ ಗೊತ್ತಾಗುತ್ತದೆ ಎಂಬ ಶಾಸ್ತ್ರದ್ದು. ‘ಈ ಕಾಡತೂಸು ಆಪತ್ತಿನಲ್ಲಿ ಕಾಯುತ್ತದೆ’ ಎಂಬ ತಿಳಿವು ನಿಜವೆಂದು ಕೊಳ್ಳುವವನಿಗೆ ತಿಳಿಯುವುದು ಹೇಗೆ? ನೈಯಾಯಿಕರ ಪ್ರಕಾರ ಜ್ಞಾನದ ಪ್ರಾಮಾಣ್ಯ ಹೊರಗಿನಿಂದ ಸಿದ್ಧವಾಗಬೇಕು. ನೀರೆಂದು ಕಂಡದ್ದರ ಬಳಿಗೆ ಹೋಗಿ ಕುಡಿದು ದಾಹ ತಣಿದಾಗ, ಅಂದರೆ ಪ್ರವೃತ್ತಿ ಸಫಲವಾದಾಗ, ಆ ಜ್ಞಾನ ಪ್ರಮಾಣವಾಗಿತ್ತೆಂದು ನಿಶ್ಚಯವಾಗುತ್ತದೆ. ಇದಕ್ಕೆ ಪ್ರವೃತ್ತಿಸಾಮರ್ಥ್ಯವೆಂದು ಹೆಸರು. ಮೀಮಾಂಸಕರ ನಿಲುವು ಬೇರೆ: ಜ್ಞಾನ ಹುಟ್ಟುವಾಗಲೇ ಪ್ರಾಮಾಣ್ಯವನ್ನು ತನ್ನೊಡನೆ ತರುತ್ತದೆ, ಅದನ್ನು ಅಲ್ಲಗಳೆಯುವ ಬಾಧಕಜ್ಞಾನ ಬರುವವರೆಗೆ ನಂಬುವುದೇ ನ್ಯಾಯ. ಸೊಂಟದ ಪಿಸ್ತೂಲಿನ ವಿಷಯದಲ್ಲಿ ನೈಯಾಯಿಕರ ಪರೀಕ್ಷೆ ನಡೆಯುವುದೇ ಇಲ್ಲ. ಕಾಗದದ ಗುರಿಗೆ ಹೊಡೆದು ಅಭ್ಯಾಸ ಮಾಡುವವರು ಬಹಳ. ಮನುಷ್ಯನ ಮೇಲೆ ಹಾರಿಸಬೇಕಾದ ಗಳಿಗೆ ಬಹುಪಾಲು ಜನರಿಗೆ ಬರುವುದಿಲ್ಲ, ಬಾರದಿರಲೆಂದೇ ಅವರೂ ಬಯಸುತ್ತಾರೆ.

ಆ ಕೊರತೆಯನ್ನು ತುಂಬಲೆಂದು ಬಂದದ್ದು ಜೆಲಟಿನ್ ಪರೀಕ್ಷೆ. ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಟಿನ್ನಿನ ಪುಡಿಯನ್ನು ನೂರಕ್ಕೆ ಹತ್ತರ ಪ್ರಮಾಣದಲ್ಲಿ ನೀರಿಗೆ ಬೆರೆಸಿ, ಅಚ್ಚಿಗೆ ಹೊಯ್ದು, 4 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ, ಮಂಜುಮಂಜಾದ ಆ ಗಟ್ಟಿಯ ಮೇಲೆ ಗುಂಡು ಹಾರಿಸುತ್ತಾರೆ. ಗಟ್ಟಿಯ ಮುಂದೆ ಕೆಲವೊಮ್ಮೆ ನಾಲ್ಕು ಪದರ ದಪ್ಪ ಬಟ್ಟೆ, ಕೆಲವೊಮ್ಮೆ ಪ್ಲೈವುಡ್, ಕೆಲವೊಮ್ಮೆ ಕಾರಿನ ಗಾಜು. ಮಯಾಮಿಯ ನಂತರ ಎಫ್‌ಬಿಐ ಹಾಕಿದ ಅಳತೆಗೋಲಿನಂತೆ ಗುಂಡು ಕನಿಷ್ಠ 12 ಅಂಗುಲ ಹೋಗಬೇಕು, 18 ಅಂಗುಲ ಮೀರಬಾರದು. ಬೇರೆಬೇರೆ ಗುಂಡುಗಳನ್ನು ಪರಸ್ಪರ ಹೋಲಿಸಲು ಇದಕ್ಕಿಂತ ಪ್ರಾಮಾಣಿಕವಾದ ದಾರಿ ಇಲ್ಲವೆನ್ನಬಹುದು. ಆದರೂ ಇದು ಅನುಮಾನಪ್ರಮಾಣವೇ, ಅಂದರೆ ಊಹಿಸಿ ತಿಳಿಯುವುದೇ, ಹೊರತು ಫಲದ ಪ್ರತ್ಯಕ್ಷವಲ್ಲ. ಜೆಲಟಿನ್ನಿನಲ್ಲಿ ಮೂಳೆಯಿಲ್ಲ, ಭಯವಿಲ್ಲ, ಓಡುವ ಕಾಲುಗಳಿಲ್ಲ, ಹಾರಿಸುವವನ ಕೈಯೂ ನಡುಗುವುದಿಲ್ಲ. ಪ್ರತ್ಯಕ್ಷವನ್ನು ಬಿಟ್ಟು ಬೇರೆ ಪ್ರಮಾಣವನ್ನೊಪ್ಪದ ಚಾರ್ವಾಕನಿಗೆ ಇಲ್ಲಿ ನಗಲು ಸಾಕಷ್ಟು ಕಾರಣವಿದೆ.

ಹೊಸ ಕಾಡತೂಸಿನ ನಿಜವಾದ ಸಂಕಟ ನೈಯಾಯಿಕರ, ಮೀಮಾಂಸಕರ ನಿಲುವುಗಳ ನಡುವೆಯೇ ಇದೆ. ಹಳೆಯದನ್ನು ಜನ ಮೀಮಾಂಸಕರಂತೆ ನಂಬುತ್ತಾರೆ, ಹೊಸದನ್ನು ನೈಯಾಯಿಕರಂತೆ ಪರೀಕ್ಷಿಸುತ್ತಾರೆ. ನೂರು ವರ್ಷ ದಾಟಿದ 9 ಮಿ.ಮೀ. ತನ್ನನ್ನು ಸಾಬೀತುಪಡಿಸಿಕೊಳ್ಳಬೇಕಾಗಿಲ್ಲ, ಬಾಧಕ ಬಾರದಿದ್ದರೆ ಸಾಕು. ಬಾಧಕ ಬಂದಾಗಲೂ ಅದು ಸುಧಾರಿಸಿಕೊಳ್ಳಲು ಎರಡೂವರೆ ದಶಕದ ಅವಕಾಶ ಸಿಕ್ಕಿತು. ಸೂಪರ್ ಕ್ಯಾರಿಯಂಥದ್ದು ಫಲದಿಂದಲೇ ತನ್ನ ಪ್ರಾಮಾಣ್ಯ ತೋರಿಸಬೇಕು, ಆದರೆ ಅದರ ಫಲವನ್ನು ತೋರಿಸುವ ಸಂದರ್ಭವೇ ಬಹುತೇಕ ಒದಗುವುದಿಲ್ಲ. ಇದು ಅನ್ಯಾಯವೆಂದು ತಯಾರಕರಿಗೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಪ್ರಾಣದ ಪ್ರಶ್ನೆ ಬಂದಲ್ಲಿ ಮನುಷ್ಯರು ಹೊಸದರ ಮೇಲೆ ಹೆಚ್ಚಿನ ಹೊರೆ ಹೊರಿಸುವುದು ಅವಿವೇಕವೂ ಅಲ್ಲ.

ಇದರ ಮೇಲೆ ಅನ್ಯೋನ್ಯಾಶ್ರಯವೆಂಬ ಇನ್ನೊಂದು ತೊಡಕಿದೆ. ಎರಡು ಸಂಗತಿಗಳು ಸಿದ್ಧವಾಗಲು ಒಂದಕ್ಕೊಂದು ಕಾಯುತ್ತ ನಿಲ್ಲುವುದನ್ನು ತರ್ಕಶಾಸ್ತ್ರ ಹೀಗೆ ಕರೆದು ದೋಷವೆನ್ನುತ್ತದೆ. ಅಂಗಡಿಯಲ್ಲಿ ಕಾಡತೂಸು ಸಿಗದೆ ಜನ ಪಿಸ್ತೂಲು ಕೊಳ್ಳರು. ಪಿಸ್ತೂಲು ಕೊಳ್ಳುವವರಿಲ್ಲದೆ ಕಂಪನಿ ಕಾಡತೂಸು ತಯಾರಿಸದು. ಕಡಿಮೆ ತಯಾರಾದದ್ದರ ಬೆಲೆ ಇಳಿಯದು. 1983ರ 10 ಮಿ.ಮೀ. ಕಾಡತೂಸಿನೊಡನೆ ಬಂದ ಬ್ರೆನ್ ಟೆನ್ ಎಂಬ ಪಿಸ್ತೂಲು ಮ್ಯಾಗಜೀನುಗಳ ಕೊರತೆಯಿಂದ ನರಳಿತು, ಕೆಲವು ಗಿರಾಕಿಗಳಿಗೆ ಮ್ಯಾಗಜೀನಿಲ್ಲದ ಪಿಸ್ತೂಲೇ ತಲುಪಿತು, ಮೂರು ವರ್ಷಗಳಲ್ಲಿ ಅದನ್ನು ತಯಾರಿಸಿದ ಸಂಸ್ಥೆ ದಿವಾಳಿಯಾಯಿತು. ಕಾಡತೂಸು ಮಾತ್ರ ಬೇರೆ ಕಂಪನಿಗಳ ಪಿಸ್ತೂಲುಗಳ ಆಸರೆಯಲ್ಲಿ ಉಳಿದುಕೊಂಡಿತು. ಪೊಲೀಸರು ಕೊಂಡರೆ ಈ ವರ್ತುಲ ಒಡೆಯುತ್ತದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 2003ರ .45 ಜಿಎಪಿಯನ್ನು ಅಮೆರಿಕದ ಕೆಲವು ರಾಜ್ಯಗಳ ಪೊಲೀಸರು ಒಪ್ಪಿಕೊಂಡೂ ಮುಂದೆ ಕೈಬಿಟ್ಟರು.

ಭಾರತದಲ್ಲಿ ಈ ಪ್ರಶ್ನೆ ಬೇರೆ ಕಡೆಯಿಂದ ಬಗೆಹರಿಯುತ್ತದೆ. 9 ಮಿ.ಮೀ. ಇಲ್ಲಿ ನಿಷಿದ್ಧ ಬೋರ್‌ನದು, ಸಾಮಾನ್ಯ ಪರವಾನಗಿದಾರನಿಗೆ ಸಿಗುವಂಥದ್ದಲ್ಲ. ಅದರಿಂದಾಗಿ 1896ರಷ್ಟು ಹಳೆಯ, ಅಮೆರಿಕದಲ್ಲಿ ಮೂಲೆಗೆ ಸೇರಿರುವ .32 ರಿವಾಲ್ವರ್ ಕಾಡತೂಸು ಇಲ್ಲಿ ಇನ್ನೂ ಜೀವಂತವಾಗಿದೆ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರನ್ನು ಮನಸ್ಸಿನಲ್ಲಿಟ್ಟು ಹೊರತಂದ ನಿರ್ಭೀಕ್ ಎಂಬ ಹಗುರ ರಿವಾಲ್ವರಿನೊಳಗೆ ಹೋಗುವುದೂ ಅದೇ. ಅದರ ಗುಂಡಿನ ವ್ಯಾಸವೂ ಸೂಪರ್ ಕ್ಯಾರಿಯದೂ ಹೆಚ್ಚುಕಡಿಮೆ ಒಂದೇ. ಶಕ್ತಿಯಲ್ಲಿ ಎಷ್ಟೋ ಹಿಂದಿರುವುದು ನೂರು ವರ್ಷಗಳ ಆಚೆಯಿಂದ ಬಂದು ನಿಂತಿದೆ, ಬಲವಾದ ಇನ್ನೊಂದು ನೆಲೆಗಾಗಿ ಹುಡುಕುತ್ತಿದೆ. ಇಲ್ಲಿನ ಹಸಿ ಸೌದೆ ಕಾನೂನು.

ಇಂಥ ವಸ್ತುವಿನ ಗೆಲುವನ್ನು ಬಯಸುವುದೇ ಸರಿಯೇ ಎಂಬ ಪ್ರಶ್ನೆಯನ್ನು ಶ್ರಮಣ ಪರಂಪರೆಗಳು ಮೊದಲೇ ಕೇಳಿವೆ. ಬೌದ್ಧ ಉಪಾಸಕನಿಗೆ ನಿಷೇಧಿಸಿದ ಐದು ವ್ಯಾಪಾರಗಳಲ್ಲಿ ಆಯುಧದ ವ್ಯಾಪಾರ ಒಂದು. ಜೈನರ ಶ್ರಾವಕಧರ್ಮ, ಅಂದರೆ ಗೃಹಸ್ಥನ ನಡವಳಿ, ಇನ್ನೂ ಸೂಕ್ಷ್ಮವಾಗಿ ಯೋಚಿಸಿದೆ: ಎದುರಾದ ಆಕ್ರಮಣವನ್ನು ತಡೆಯುವಾಗ ನಡೆಯುವ ವಿರೋಧಿ ಹಿಂಸೆಯನ್ನು ಗೃಹಸ್ಥನಿಗೆ ಅದು ಸಹಿಸಿಕೊಳ್ಳುತ್ತದೆ, ಹಾಗಿಲ್ಲದಿದ್ದರೆ ಸೇನಾಪತಿಯಾಗಿದ್ದ ಚಾವುಂಡರಾಯ ಶ್ರಾವಕನಾಗಿರುವುದು ಶಕ್ಯವಿರಲಿಲ್ಲ, ಆದರೆ ಹಿಂಸೆಯ ಉಪಕರಣವನ್ನು ಪರರ ಕೈಗೆ ಕೊಡುವ ಹಿಂಸಾದಾನವನ್ನು ಅನರ್ಥದಂಡಗಳ, ಎಂದರೆ ನಿಷ್ಪ್ರಯೋಜಕ ಪಾಪಗಳ, ಪಟ್ಟಿಗೆ ಸೇರಿಸುತ್ತದೆ. ತತ್ತ್ವಾರ್ಥಸೂತ್ರವು ನಿರ್ಜೀವ ವಸ್ತುವಿನ ನಿರ್ಮಾಣವನ್ನೂ ಕರ್ಮದ ಆಸ್ರವಕ್ಕೆ, ಅಂದರೆ ಆತ್ಮದತ್ತ ಕರ್ಮ ಹರಿದುಬರುವುದಕ್ಕೆ, ನೆಲೆಯಾಗಬಲ್ಲದ್ದೆಂದು ಎಣಿಸುತ್ತದೆ. ಈ ವಿಂಗಡಣೆಯ ಪ್ರಕಾರ ತನ್ನ ಮನೆಯ ಬಾಗಿಲಲ್ಲಿ ಹಾರಿಸಿದವನಿಗಿಂತ ಲಕ್ಷಗಟ್ಟಲೆ ಕಾಡತೂಸು ಮಾರಿದವನ ಲೆಕ್ಕ ಬಿಗಿಯಾಗಿದೆ. ಗೆಲುವೆಂದರೆ ಮಾರಾಟ ಎಂದು ಮಾರುಕಟ್ಟೆ ಹೇಳುವ ಕಡೆಯಲ್ಲೇ ಜೈನ ವಿಚಾರ ಆಸ್ರವವನ್ನು ಕಾಣುತ್ತದೆ, ಮತ್ತು ಈ ವಿಷಯದಲ್ಲಿ ಜೈನ ವಿಚಾರವನ್ನು ಸುಲಭವಾಗಿ ತಳ್ಳಿಹಾಕಲಾಗದು.

ಮಾರುಕಟ್ಟೆಯ ಅರ್ಥಕ್ಕೇ ಸೀಮಿತವಾಗಿ ಹೇಳುವುದಾದರೆ, ಸೂಪರ್ ಕ್ಯಾರಿ 9 ಮಿ.ಮೀ. ಕಾಡತೂಸನ್ನು ಪಲ್ಲಟಗೊಳಿಸುವ ಲಕ್ಷಣವಿಲ್ಲ. ಗುಣ ಸಾಲದೆಂದಲ್ಲ, ನಂಬಿಕೆಯ ಹೊರೆಯೂ ಅನ್ಯೋನ್ಯಾಶ್ರಯವೂ ಒಟ್ಟಿಗೆ ಅದರ ಮೇಲೆ ಬಿದ್ದಿವೆ. ಹಾಗೆಂದು ಸೋಲನ್ನು ಘೋಷಿಸುವುದೂ ಅವಸರವಾದೀತು. ಬೆಲ್ಜಿಯಂನ ಎಫ್‌ಎನ್ ಕಂಪನಿಯ 5.7 ಮಿ.ಮೀ. ಕಾಡತೂಸಿಗೆ ಬಹುಕಾಲ ಬಹುಮಟ್ಟಿಗೆ ಅದೇ ಕಂಪನಿಯ ಆಯುಧಗಳೇ ಗತಿಯಾಗಿದ್ದವು, ಕುತೂಹಲದ ವಸ್ತುವೆಂದೇ ಬಹಳ ಜನ ಅದನ್ನು ಬದಿಗಿಟ್ಟಿದ್ದರು. 2019ರ ಕೊನೆಯಲ್ಲಿ ರೂಗರ್ ಅದಕ್ಕೆ ಅಗ್ಗದ ಪಿಸ್ತೂಲೊಂದನ್ನು ತಂದಿತು, ಹಿಂದೆಯೇ ಸ್ಮಿತ್ ಅಂಡ್ ವೆಸನ್ ಮೊದಲಾದವರೂ ಬಂದರು, ನಡುವೆ 2021ರಲ್ಲಿ ನೇಟೋ ಅದನ್ನು ತನ್ನ ಪ್ರಮಾಣಿತ ಕಾಡತೂಸುಗಳಲ್ಲಿ ಸೇರಿಸಿಕೊಂಡಿತು. ಅದರ ಕೊಳವೆಯ ಅಳತೆಯಾಗಲಿ ಗುಂಡಿನ ವ್ಯಾಸವಾಗಲಿ ಅಷ್ಟು ವರ್ಷಗಳಲ್ಲಿ ಬದಲಾಗಿರಲಿಲ್ಲ.